ಮೆಥಡೋನ್ ಸರದಿಯಲ್ಲಿ ಮುಪ್ಪು

ಎಡಿನ್‌ಬರೋ ನಗರದ ಹೊರವಲಯದ ಬಡಾವಣೆಗಳಲ್ಲಿ ಬೆಳಗಿನ ಹೊತ್ತು ಔಷಧದ ಅಂಗಡಿಗೆ ಹೋದವರಿಗೆ ಒಂದು ನೋಟ ಸಾಮಾನ್ಯ. ಮೂಲೆಯಲ್ಲಿ ನಿಂತ ಒಬ್ಬರು, ಪುಟ್ಟ ಪ್ಲಾಸ್ಟಿಕ್ ಲೋಟದಲ್ಲಿ ಕೊಟ್ಟ ಹಸಿರು ದ್ರವವನ್ನು ಅಂಗಡಿಯವರ ಕಣ್ಣೆದುರೇ ಕುಡಿದು ಹೊರಡುತ್ತಾರೆ. ಅದು ಮೆಥಡೋನ್, ಹೆರಾಯಿನ್ ಚಟಕ್ಕೆ ಸಿಕ್ಕವರಿಗೆ ಕೊಡುವ ಬದಲಿ ಔಷಧ. ಮಾದಕ ವ್ಯಸನಿ ಎಂದೊಡನೆ ಇಪ್ಪತ್ತರ ಹರೆಯದ ಯುವಕನನ್ನು ಕಲ್ಪಿಸಿಕೊಳ್ಳುವುದು ನಮ್ಮ ರೂಢಿ. ಆ ಸರದಿಯಲ್ಲಿ ಕಾಣುವುದಾದರೋ ನರೆತ ಕೂದಲು, ಊರುಗೋಲು, ಹತ್ತು ಹೆಜ್ಜೆಗೊಮ್ಮೆ ನಿಂತು ಉಸಿರೆಳೆದುಕೊಳ್ಳುವ ಜೀವಗಳು. ಆ ನಗರದಲ್ಲಿ ಹಲವು ವರ್ಷ ಸಾಮಾನ್ಯ ವೈದ್ಯನಾಗಿದ್ದ ನನಗೆ ಇವರ ವ್ಯಸನಕ್ಕಿಂತ ಇವರ ಮುಪ್ಪೇ ಕಠಿಣವಾದ ಸಮಸ್ಯೆಯಾಗಿ ಕಂಡಿದೆ.

1980ರ ದಶಕದ ಆರಂಭದಲ್ಲಿ, ಕಾರ್ಖಾನೆಗಳು ಮುಚ್ಚಿ ನಿರುದ್ಯೋಗ ಹಬ್ಬಿದ್ದ ಕಾಲದಲ್ಲಿ, ಅಗ್ಗದ ಹೆರಾಯಿನ್ ಸ್ಕಾಟ್ಲೆಂಡಿಗೆ ಹರಿದುಬಂತು. ಎಡಿನ್‌ಬರೋದಲ್ಲಿ ಸಿರಿಂಜುಗಳು ಸಿಗದಂತೆ ಬಿಗಿ ಮಾಡಿದ್ದರಿಂದ ಒಂದೇ ಸೂಜಿ ಹಲವರ ಕೈ ದಾಟಿತು. ಮ್ಯೂರ್‌ಹೌಸ್ ಬಡಾವಣೆಯ ವೈದ್ಯ ರಾಯ್ ರಾಬರ್ಟ್‌ಸನ್ ಮತ್ತು ಸಂಗಡಿಗರು 1986ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವರದಿ ಮಾಡಿದಂತೆ, ಅವರು ರಕ್ತ ಪರೀಕ್ಷೆ ನಡೆಸಿದ ವ್ಯಸನಿಗಳಲ್ಲಿ ಶೇ 51 ಮಂದಿಗೆ ಏಡ್ಸ್ ವೈರಾಣು ತಗುಲಿತ್ತು. ಆ ಭೀತಿಯೇ ಆಡಳಿತವನ್ನು ಮೆಥಡೋನ್ ಕಡೆಗೆ ತಿರುಗಿಸಿತು. ನ್ಯೂಯಾರ್ಕಿನ ವಿನ್ಸೆಂಟ್ ಡೋಲ್ ಮತ್ತು ಮೇರಿ ನಿಸ್ವಾಂಡರ್ ಎಂಬ ವೈದ್ಯರು 1965ರಲ್ಲೇ ಈ ಚಿಕಿತ್ಸೆಯ ಫಲಿತಾಂಶ ಪ್ರಕಟಿಸಿದ್ದರು. ದಿನಕ್ಕೊಂದು ಬಾರಿ ಬಾಯಿಯ ಮೂಲಕ ಕೊಟ್ಟರೆ ಸಾಕು. ಮಂಪರಿಲ್ಲ, ಹಪಹಪಿಯಿಲ್ಲ, ಸೂಜಿಯ ಅಗತ್ಯವೂ ಇಲ್ಲ.

ಚಿಕಿತ್ಸೆ ಗೆದ್ದಿತು. ಅಂದು ಸಾಯಬೇಕಿದ್ದ ಎಷ್ಟೋ ಮಂದಿ ಬದುಕಿದರು, ಬದುಕಿ ಅರವತ್ತನ್ನು ಸಮೀಪಿಸಿದರು. ಸ್ಕಾಟ್ಲೆಂಡಿನಲ್ಲಿ ಮಾದಕವಸ್ತುಗಳಿಂದ ಸತ್ತವರ ಸರಾಸರಿ ವಯಸ್ಸು 2000ದಲ್ಲಿ 32 ಇದ್ದದ್ದು 2020ರಲ್ಲಿ 43ಕ್ಕೆ ಏರಿತು. ಅಲ್ಲಿನ ತಜ್ಞರು ಮೂವತ್ತೈದು ದಾಟಿದ ವ್ಯಸನಿಯನ್ನೇ ‘ಹಿರಿಯ’ ಎಂದು ಗಣಿಸುತ್ತಾರೆ. ನಮ್ಮಲ್ಲಿ ಆ ವಯಸ್ಸಿನವರಿಗೆ ಇನ್ನೂ ಹೆಣ್ಣು ನೋಡುತ್ತಿರುತ್ತಾರೆ! ಆದರೆ ಲೆಕ್ಕ ತಪ್ಪಲ್ಲ. ಇವರ ದೇಹದ ವಯಸ್ಸು ಜನನ ಪ್ರಮಾಣಪತ್ರದ ವಯಸ್ಸಿಗಿಂತ ಬಹಳ ಮುಂದಿರುತ್ತದೆ.

ಮೊದಲು ಸೋಲುವುದು ಶ್ವಾಸಕೋಶ. ಇವರಲ್ಲಿ ಹೆಚ್ಚಿನವರು ಜೀವಮಾನವಿಡೀ ಸಿಗರೇಟು ಸೇದಿದವರು. ಹಲವರು ಹೆರಾಯಿನನ್ನೇ ಲೋಹದ ಹಾಳೆಯ ಮೇಲೆ ಕಾಯಿಸಿ ಹೊಗೆಯಾಗಿ ಎಳೆದವರು. ಲಿವರ್‌ಪೂಲ್ ನಗರದಲ್ಲಿ ವ್ಯಸನ ಚಿಕಿತ್ಸಾ ಕೇಂದ್ರಕ್ಕೆ ಬರುವವರನ್ನು ಅಲ್ಲಿಯೇ ಕೂರಿಸಿ ಉಸಿರಿನ ಪರೀಕ್ಷೆ ಮಾಡಿದಾಗ ಸುಮಾರು ಮೂರನೇ ಒಂದು ಭಾಗದವರಲ್ಲಿ ಶ್ವಾಸನಾಳಗಳು ಶಾಶ್ವತವಾಗಿ ಕಿರಿದಾಗುವ ಕಾಯಿಲೆ ಪತ್ತೆಯಾಯಿತು. ಅವರ ಸರಾಸರಿ ವಯಸ್ಸು ಐವತ್ತಕ್ಕೂ ಕಡಿಮೆ. ಮೆಥಡೋನ್ ಸ್ವತಃ ಉಸಿರಾಟವನ್ನು ನಿಧಾನಗೊಳಿಸುವ ಔಷಧ. ಮೂವತ್ತರ ಪ್ರಾಯದಲ್ಲಿ ಸಲೀಸಾಗಿ ತಡೆದುಕೊಂಡ ಪ್ರಮಾಣವೇ, ಶ್ವಾಸಕೋಶ ಸೊರಗಿದ ಐವತ್ತೈದರಲ್ಲಿ, ಅದರ ಜೊತೆಗೆ ನಿದ್ರೆ ಮಾತ್ರೆಯೊಂದು ಸೇರಿದರೆ, ರಾತ್ರಿ ನಿದ್ದೆಯಲ್ಲೇ ಉಸಿರು ನಿಲ್ಲಿಸಬಲ್ಲದು.

ಕೈಯ ರಕ್ತನಾಳಗಳು ಹಾಳಾದ ಮೇಲೆ ತೊಡೆಸಂದಿಗೆ ಸೂಜಿ ಚುಚ್ಚಿಕೊಂಡವರ ಕಾಲುಗಳಲ್ಲಿ ರಕ್ತ ಹೆಪ್ಪುಗಟ್ಟಿ, ವರ್ಷಗಟ್ಟಲೆ ಮಾಯದ ಹುಣ್ಣುಗಳಾಗುತ್ತವೆ. ವಾಸನೆಗೆ ನಾಚಿ ಅವನ್ನು ಯಾರಿಗೂ ತೋರಿಸುವುದಿಲ್ಲ. ದೀರ್ಘಕಾಲದ ಸೇವನೆ ಗಂಡಸರಲ್ಲಿ ಟೆಸ್ಟೋಸ್ಟೆರಾನ್ ಹಾರ್ಮೋನನ್ನು ಕುಗ್ಗಿಸುತ್ತದೆ, ಮೂಳೆ ಟೊಳ್ಳಾಗುತ್ತದೆ. ಬಾಯಿ ಒಣಗಿ ಹಲ್ಲುಗಳು ಉದುರುತ್ತವೆ. ಹೆಚ್ಚಿನ ಪ್ರಮಾಣದ ಮೆಥಡೋನ್ ಕೆಲವರ ಹೃದಯದ ಲಯವನ್ನು ಕೆಡಿಸುವುದುಂಟು. ಮಲಬದ್ಧತೆಯ ಬಗ್ಗೆ ಬರೆಯುವುದು ಶಿಷ್ಟವಲ್ಲವೇನೋ. ಆದರೆ ನನ್ನ ರೋಗಿಗಳು ಹೆರಾಯಿನಿಗಿಂತ ಹೆಚ್ಚಾಗಿ ದೂರಿದ್ದು ಅದನ್ನೇ.

ಎಲ್ಲಕ್ಕಿಂತ ಕ್ರೂರವಾದದ್ದು ನೋವಿನ ವಿಚಾರ. ನನ್ನ ರೋಗಿಯೊಬ್ಬರು, ಇಪ್ಪತ್ತು ವರ್ಷಗಳಿಂದ ಹೆರಾಯಿನ್ ಮುಟ್ಟದವರು, ಮಂಜುಗಟ್ಟಿದ ಹಾದಿಯಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಸ್ಪತ್ರೆಯಲ್ಲಿ ನೋವು ತಾಳಲಾರದೆ ಔಷಧ ಕೇಳಿದರೆ, ‘ನಿತ್ಯದ ಮೆಥಡೋನ್ ಕೊಟ್ಟಾಗಿದೆಯಲ್ಲ’ ಎಂಬ ಉತ್ತರ. ದಿನಕ್ಕೊಮ್ಮೆ ಕೊಡುವ ಮೆಥಡೋನ್ ಹಪಹಪಿಯನ್ನು ಇಡೀ ದಿನ ತಡೆದರೂ, ಅದರ ನೋವು ನಿವಾರಕ ಗುಣ ಉಳಿಯುವುದು ಆರೆಂಟು ತಾಸು ಮಾತ್ರ. ಅಲ್ಲದೆ ಅಫೀಮು ವರ್ಗದ ಔಷಧಗಳಿಗೆ ಒಗ್ಗಿದ ಆ ದೇಹಕ್ಕೆ ಇತರರಿಗಿಂತ ಹೆಚ್ಚಿನ ನೋವು ನಿವಾರಕ ಬೇಕು, ಕಡಿಮೆಯಲ್ಲ. ಇದು ಪಠ್ಯಪುಸ್ತಕದ ಮಾತು. ಆದರೆ ಕಡತದ ಮೇಲೆ ‘ವ್ಯಸನಿ’ ಎಂದು ಬರೆದಾಕ್ಷಣ ಪಠ್ಯಪುಸ್ತಕ ಮರೆತುಹೋಗುತ್ತದೆ. ಮೂರನೇ ದಿನ ಅವರು ಗಾಲಿಕುರ್ಚಿಯಲ್ಲಿ ಮನೆಗೆ ಹೊರಟುಬಿಟ್ಟರು.

ಇಂಥವರು ಯಾವ ಅಂಕಿಅಂಶಕ್ಕೂ ಸಿಗುವುದಿಲ್ಲ. ಸ್ಕಾಟ್ಲೆಂಡಿನ ಮಾದಕವಸ್ತು ಸಾವುಗಳು 2020ರಲ್ಲಿ 1,339ಕ್ಕೆ ಮುಟ್ಟಿದಾಗ ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. 2024ರ ಸಂಖ್ಯೆ 1,017. ಆದರೆ ಅದು ಮಾದಕವಸ್ತು ವಿಷವಾಗಿ ಪರಿಣಮಿಸಿದ ಸಾವುಗಳ ಲೆಕ್ಕ. ಕಾಯಿಲೆಬಿದ್ದ ಶ್ವಾಸಕೋಶದಿಂದಲೋ ಗಡುಸಾದ ಯಕೃತ್ತಿನಿಂದಲೋ ಸತ್ತ ಮೆಥಡೋನ್ ರೋಗಿ ಅದರಲ್ಲಿಲ್ಲ. ಎಣಿಕೆಗೆ ಸಿಗದ ಸಾವಿಗೆ ಅನುದಾನವೂ ಸಿಗುವುದಿಲ್ಲ.

ಇದು ಪರಿಹಾರವಿಲ್ಲದ ಸಮಸ್ಯೆಯೇನೂ ಅಲ್ಲ. ಅದೇ ಸ್ಕಾಟ್ಲೆಂಡಿನ ಡಂಡೀ ಸುತ್ತಲಿನ ಟೇಸೈಡ್ ಪ್ರಾಂತ್ಯ ಒಂದು ದಾರಿ ತೋರಿಸಿದೆ. ಸೂಜಿ ಹಂಚಿಕೊಂಡವರಲ್ಲಿ ಹೆಪಟೈಟಿಸ್ ಸಿ ಸೋಂಕು ವ್ಯಾಪಕ. ಅದನ್ನು ಕೆಲವೇ ವಾರಗಳ ಮಾತ್ರೆಯಿಂದ ಗುಣಪಡಿಸುವ ಔಷಧಗಳು ಬಂದು ದಶಕ ಕಳೆದಿದೆ. ಆದರೆ ಆಸ್ಪತ್ರೆಯ ತಜ್ಞರ ಬಳಿಗೆ ಹೋಗಿ ಎಂದರೆ ಇವರು ಹೋಗುವುದಿಲ್ಲ. ಟೇಸೈಡಿನ ವೈದ್ಯರು ಚಿಕಿತ್ಸೆಯನ್ನೇ ಮೆಥಡೋನ್ ಕೊಡುವ ಅಂಗಡಿಗೆ ತಂದರು. ರಕ್ತ ಪರೀಕ್ಷೆ ಅಲ್ಲಿಯೇ, ಮಾತ್ರೆಯೂ ಹಸಿರು ದ್ರವದ ಜೊತೆಗೇ. 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೀಗೆ ಚಿಕಿತ್ಸೆಗೆ ಒಳಗಾಗಿ ಗುಣವಾದವರ ಪ್ರಮಾಣ ಹಳೆಯ ಕ್ರಮಕ್ಕಿಂತ ಸ್ಪಷ್ಟವಾಗಿ ಹೆಚ್ಚಿತ್ತು. ಶ್ವಾಸಕೋಶ, ರಕ್ತದೊತ್ತಡ, ಕಾಲಿನ ಹುಣ್ಣುಗಳ ವಿಷಯದಲ್ಲೂ ಇದನ್ನೇ ಏಕೆ ಮಾಡಬಾರದು? ಯಾವ ರೋಗಿಯೂ ತನ್ನ ವೈದ್ಯನನ್ನು ದಿನವೂ ಭೇಟಿಯಾಗುವುದಿಲ್ಲ. ಇವರು ಮಾತ್ರ ಔಷಧಾಲಯದ ಬಾಗಿಲನ್ನು ದಿನವೂ ತಟ್ಟುತ್ತಾರೆ.

ಈಚೆಗೆ ತಿಂಗಳಿಗೊಮ್ಮೆ ಕೊಡುವ ಬ್ಯೂಪ್ರೆನಾರ್ಫಿನ್ ಚುಚ್ಚುಮದ್ದು ಬಂದಿದೆ. ನಡೆಯಲಾರದವರಿಗೆ ಅದು ವರವೇ ಸರಿ. ಆದರೂ ನನಗೊಂದು ಅಳುಕಿದೆ. ಹೆಂಡತಿ ಮಕ್ಕಳಿಂದ ಎಂದೋ ದೂರವಾಗಿ ಒಂಟಿ ಕೋಣೆಯಲ್ಲಿರುವ ಎಷ್ಟೋ ಮಂದಿಗೆ ದಿನದಲ್ಲಿ ‘ಹೇಗಿದ್ದೀರಿ’ ಎಂದು ಕೇಳುವವರು ಆ ಅಂಗಡಿಯವರೊಬ್ಬರೇ. ಮುಖ ಊದಿಕೊಂಡದ್ದನ್ನು, ಉಸಿರು ಏರಿದ್ದನ್ನು ಮೊದಲು ಗಮನಿಸುವವರೂ ಅವರೇ.

ಇದು ದೂರದ ಶೀತದೇಶದ ಕಥೆಯೆಂದು ಓದುಗರು ಭಾವಿಸಬೇಕಿಲ್ಲ. ಎಡಿನ್‌ಬರೋಗೆ ಹೆರಾಯಿನ್ ಬಂದ ದಶಕದಲ್ಲೇ ಅದು ಮ್ಯಾನ್ಮಾರ್ ಗಡಿ ದಾಟಿ ಮಣಿಪುರಕ್ಕೂ ಬಂತು. 1990ರ ಹೊತ್ತಿಗೆ ಅಲ್ಲಿಯೂ ಸೂಜಿಯ ಮೂಲಕ ಏಡ್ಸ್ ಹಬ್ಬಿತು. ಅಂದಿನ ಯುವಕರಲ್ಲಿ ಬದುಕುಳಿದವರಿಗೆ ಇಂದು ಅರವತ್ತರ ಆಸುಪಾಸು. ನಮ್ಮ ಸರ್ಕಾರಿ ಬದಲಿ ಔಷಧ ಕೇಂದ್ರಗಳಲ್ಲಿ ಮುಖ್ಯವಾಗಿ ಕೊಡುವುದು ನಾಲಿಗೆಯಡಿ ಇಡುವ ಬ್ಯೂಪ್ರೆನಾರ್ಫಿನ್. ನಮ್ಮಲ್ಲಿ ಗಮನಿಸಬೇಕಾದ ತೊಡಕೂ ಒಂದಿದೆ: ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್, ಮೆಥಡೋನ್ ಮತ್ತು ಬ್ಯೂಪ್ರೆನಾರ್ಫಿನ್ ಎರಡನ್ನೂ ದೇಹದಿಂದ ಬೇಗನೆ ಹೊರಹಾಕುತ್ತದೆ. ಹಪಹಪಿ ಮರಳುತ್ತದೆ, ರೋಗಿ ಒಂದೋ ಕ್ಷಯದ ಮಾತ್ರೆ ಬಿಡುತ್ತಾನೆ, ಇಲ್ಲವೇ ಹೆರಾಯಿನಿಗೆ ಹಿಂದಿರುಗುತ್ತಾನೆ. ಎರಡೂ ಔಷಧಗಳು ಬೇರೆ ಬೇರೆ ಕಟ್ಟಡಗಳಲ್ಲಿ, ಪರಸ್ಪರ ಮಾತಾಡದ ಇಬ್ಬರು ವೈದ್ಯರಿಂದ ಬರುವಾಗ ಕಾರಣ ಹೊಳೆಯುವುದಾದರೂ ಯಾರಿಗೆ? 2018ರಿಂದ ರಾಷ್ಟ್ರೀಯ ಕಾರ್ಯಕ್ರಮದಡಿ ಹೆಪಟೈಟಿಸ್ ಸಿ ಔಷಧ ನಮ್ಮಲ್ಲಿಯೂ ಉಚಿತ. ಅದನ್ನು, ಜೊತೆಗೆ ಒಂದು ರಕ್ತದೊತ್ತಡ ಮಾಪಕವನ್ನು, ಉಸಿರಿನ ಪರೀಕ್ಷೆಯ ಯಂತ್ರವನ್ನು, ವಾರಕ್ಕೊಮ್ಮೆ ಬರುವ ಒಬ್ಬ ಸಾಮಾನ್ಯ ವೈದ್ಯರನ್ನು ಬ್ಯೂಪ್ರೆನಾರ್ಫಿನ್ ಕೊಡುವ ಕೋಣೆಗೇ ತರಲು ಹೊಸ ಕಾನೂನೇನೂ ಬೇಕಿಲ್ಲ.