ಯಂತ್ರ ಇಳಿದ ಗದ್ದೆ, ತಿಂಗಳ ಹಣದ ಲೆಕ್ಕ

ಕೆ.ಆರ್. ನಗರದ ನಾಲೆ ಬಯಲಿನಲ್ಲಿ ಕೊಯ್ಲಿನ ಕಾಲ ಬಂತೆಂದರೆ ಭತ್ತ ಕೊಯ್ಯುವ ಮಿಷಿನ್ನಿಗೆ ಸರದಿ ಹಚ್ಚಬೇಕು. ಹತ್ತಾರು ಆಳು ಕೊಯ್ದು, ಕಂತೆ ಕಟ್ಟಿ, ಕಣಕ್ಕೆ ಹೊತ್ತು, ಒಕ್ಕಣೆ ಮಾಡಿ ಮುಗಿಸುತ್ತಿದ್ದ ಎಕರೆಯನ್ನು ಅದು ಒಂದೆರಡು ಗಂಟೆಯಲ್ಲಿ ಮುಗಿಸಿ ಪಕ್ಕದ ಗದ್ದೆಗೆ ಇಳಿಯುತ್ತದೆ. ರೈತನಿಗೆ ಇದರಿಂದ ಅನುಕೂಲವೇ ಆಗಿದೆ. ಆಳು ಹುಡುಕಿಕೊಂಡು ಬೀದಿ ಬೀದಿ ತಿರುಗುವುದು ತಪ್ಪಿತು. ಆದರೆ ಹಿಂದೆ ಊರಿನ ಹಲವು ಮನೆಗಳಿಗೆ ಹಂಚಿಹೋಗುತ್ತಿದ್ದ ಕೂಲಿ ಈಗ ಮಿಷಿನ್ ಮಾಲೀಕನಿಗೆ, ಡೀಸೆಲ್ ಬಂಕಿಗೆ, ಮಿಷಿನ್ನಿಗೆ ಸಾಲ ಕೊಟ್ಟ ಬ್ಯಾಂಕಿಗೆ ಹೋಗುತ್ತದೆ.

ಎಲ್ಲ ಕೆಲಸವೂ ಹೀಗೆ ಹೋಗಿಲ್ಲ. ಪಿರಿಯಾಪಟ್ಟಣ, ಹುಣಸೂರು ಸೀಮೆಯ ವರ್ಜೀನಿಯಾ ಹೊಗೆಸೊಪ್ಪು ಇನ್ನೂ ಕೈಕೆಲಸವನ್ನೇ ನಂಬಿದೆ. ಹಣ್ಣಾದ ಎಲೆಯನ್ನಷ್ಟೇ ನೋಡಿ ಮುರಿಯಬೇಕು, ಕಡ್ಡಿಗೆ ಕಟ್ಟಬೇಕು, ಸೊಪ್ಪು ಹದ ಮಾಡುವ ಬ್ಯಾರನ್ನಿಗೆ ಏರಿಸಿ ದಿನಗಟ್ಟಲೆ ಬೆಂಕಿ ಕಾಯಬೇಕು, ಆಮೇಲೆ ಬಣ್ಣ ನೋಡಿ ವಿಂಗಡಿಸಿ ಬೇಲು ಕಟ್ಟಬೇಕು. ಒಂದೇ ಗಿಡದಲ್ಲಿ ಯಾವ ಎಲೆ ಇಂದಿಗೆ, ಯಾವುದು ಮುಂದಿನ ವಾರಕ್ಕೆ ಎಂಬುದನ್ನು ಕಣ್ಣಳತೆಯಲ್ಲಿ ಹೇಳುವ ಹೆಂಗಸರ ಕೆಲಸಕ್ಕೆ ಸದ್ಯಕ್ಕೆ ಅಗ್ಗದ ಯಂತ್ರವಿಲ್ಲ. ತಂಬಾಕು ಮಂಡಳಿಯ ಹರಾಜು ಕಟ್ಟೆಯಲ್ಲಿ ಮಾತ್ರ ಬಿಡ್ಡು ಕೂಗುವ ದನಿಯ ಜಾಗಕ್ಕೆ ಕೈಯಲ್ಲಿ ಹಿಡಿಯುವ ಎಲೆಕ್ಟ್ರಾನಿಕ್ ಸಾಧನ ಬಂದಿದೆ. ಹೀಗೆ ಒಂದು ಬೆಳೆಯಲ್ಲಿ ಕೂಲಿ ಉಳಿದು, ಇನ್ನೊಂದರಲ್ಲಿ ಹೋಗಿ, ಮೂರನೆಯದರಲ್ಲಿ ವರ್ಷಕ್ಕೆ ಕೆಲವೇ ವಾರಕ್ಕೆ ಇಳಿಯುತ್ತದೆ. ಯಂತ್ರದಿಂದ ಕೆಲಸ ಕಳೆದುಕೊಂಡವರ ಪಟ್ಟಿ ಮಾಡಿ ಅವರಿಗಷ್ಟೇ ಪರಿಹಾರ ಕೊಡುತ್ತೇವೆ ಎಂದು ಹೊರಟರೆ ಪಟ್ಟಿ ಎಂದೂ ಮುಗಿಯುವುದಿಲ್ಲ. ಅದಕ್ಕೇ ಕೆಲವು ಅರ್ಥಶಾಸ್ತ್ರಜ್ಞರು ಪಟ್ಟಿಯೇ ಬೇಡ, ಎಲ್ಲರಿಗೂ ಕೊಡಿ ಎನ್ನುತ್ತಾರೆ.

ಇದೇ ಸಾರ್ವತ್ರಿಕ ಮೂಲ ಆದಾಯ. ಇದರ ಷರತ್ತುಗಳು ಕಟ್ಟುನಿಟ್ಟು: ಹಣ ಎಲ್ಲರಿಗೂ ಹೋಗಬೇಕು, ಮನೆಗೆ ಒಂದಲ್ಲ, ತಲೆಗೆ ಒಂದು, ಅಕ್ಕಿ, ಬಟ್ಟೆ, ಕೂಪನ್ ಅಲ್ಲದೆ ನಗದೇ ಆಗಿರಬೇಕು, ತಪ್ಪದೆ ಬರಬೇಕು, ಕೆಲಸ ಮಾಡು, ಹುಡುಕು ಎಂಬ ಕರಾರು ಇರಬಾರದು. ಐದರಲ್ಲಿ ಒಂದು ತಪ್ಪಿದರೂ ಅದು ಬೇರೆ ಯೋಜನೆ. ಒಳ್ಳೆಯದೇ ಇರಬಹುದು, ಆದರೆ ಬೇರೆ. ಈ ವಿಚಾರಕ್ಕೆ ವಯಸ್ಸೂ ಆಗಿದೆ. ಭೂಮಿ ಎಲ್ಲರದು, ಅದನ್ನು ಬೇಲಿ ಹಾಕಿ ಇಟ್ಟುಕೊಂಡವರು ಮಿಕ್ಕವರಿಗೆ ಪಾಲು ಕೊಡಬೇಕು ಎಂದು 1797ರಲ್ಲೇ ಥಾಮಸ್ ಪೇನ್ ವಾದಿಸಿದ್ದ. ಇಂದಿನವರು ಭೂಮಿಯ ಜಾಗದಲ್ಲಿ ಯಂತ್ರವನ್ನು ಇಟ್ಟು ಅದೇ ಮಾತನ್ನು ಹೇಳುತ್ತಿದ್ದಾರೆ.

ನಮ್ಮಲ್ಲಿ ಇದಕ್ಕೆ ಹತ್ತಿರದ್ದೆಂದರೆ ರಾಜ್ಯ ಸರ್ಕಾರದ ಗೃಹಲಕ್ಷ್ಮಿ. 2023ರ ಆಗಸ್ಟ್ 30ರಂದು ಮೈಸೂರಿನಲ್ಲೇ ಚಾಲನೆ ಪಡೆದ ಯೋಜನೆ. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ಐದು ಷರತ್ತಿನ ಮುಂದೆ ನಿಲ್ಲಿಸಿ ನೋಡೋಣ. ನಗದು ಹೌದು, ಕೆಲಸದ ಕರಾರೂ ಇಲ್ಲ. ಎಲ್ಲರಿಗೂ ಎಂಬಲ್ಲಿ ಅರ್ಧ ಪಾಸು: ಬಿಪಿಎಲ್, ಎಪಿಎಲ್, ಅಂತ್ಯೋದಯ ಮೂರೂ ಕಾರ್ಡಿನವರಿಗೆ ಉಂಟು, ಆದರೆ ಯಜಮಾನಿಯೋ ಅವಳ ಗಂಡನೋ ಆದಾಯ ತೆರಿಗೆ ಅಥವಾ ಜಿಎಸ್‌ಟಿ ಕಟ್ಟುವವರಾದರೆ ಇಲ್ಲ. ತಲೆಗೆ ಒಂದು ಎಂಬಲ್ಲಿ ಪೂರ್ತಿ ಫೇಲು. ಕೂಡು ಕುಟುಂಬದಲ್ಲಿ ಕಾರ್ಡಿನಲ್ಲಿ ಯಜಮಾನಿ ಎಂದು ಅತ್ತೆಯ ಹೆಸರಿದ್ದರೆ ಸೊಸೆಗೆ ಬಾರದು. ಹೆಂಡತಿ ಸತ್ತು ಒಂಟಿಯಾದ ಕೂಲಿಗಾರನಿಗೂ ಇಲ್ಲ. ಇನ್ನು ತಪ್ಪದೆ ಬರುವುದು. ಎರಡು ಮೂರು ತಿಂಗಳ ಕಂತು ನಿಂತು ಆಮೇಲೆ ಬಂದದ್ದನ್ನು ಎಲ್ಲರೂ ಕಂಡಿದ್ದಾರೆ. ನನ್ನ ಮಟ್ಟಿಗೆ ದೊಡ್ಡ ಕೊರತೆ ಇದೇ. ಯಾವಾಗಲೋ ಬರುವ 2,000 ರೂಪಾಯಿಯನ್ನು ನೆಚ್ಚಿಕೊಂಡು ಯಾರೂ ಚೀಟಿ ಕಟ್ಟಲಾರರು, ಮಗಳ ಫೀಸಿಗೆ ಮಾತು ಕೊಡಲಾರರು.

ಹಣ ಬರುವ ದಾರಿಯನ್ನೂ ತಿಳಿದಿರಬೇಕು, ತೊಡಕುಗಳು ಇರುವುದು ಅಲ್ಲೇ. ಮೊದಲು ಪಡಿತರ ಚೀಟಿಯಲ್ಲಿ ಯಜಮಾನಿ ಎಂದು ಹೆಸರು ಇರಬೇಕು. ಗ್ರಾಮ ಒನ್ ಅಥವಾ ಬಾಪೂಜಿ ಸೇವಾ ಕೇಂದ್ರದಲ್ಲಿ ಅರ್ಜಿ. ಅರ್ಜಿ ಒಪ್ಪಿಗೆಯಾದ ಮೇಲೆ ಹಣ ಖಾತೆ ಸಂಖ್ಯೆಯನ್ನು ನೋಡಿ ಬರುವುದಿಲ್ಲ, ಆಧಾರ್ ಸಂಖ್ಯೆಯನ್ನು ನೋಡಿ ಬರುತ್ತದೆ. ಆ ಆಧಾರ್ ಕೊನೆಯ ಸಲ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಆ ಖಾತೆಗೇ ಜಮಾ. ಹಳೆಯ ಪಾಸ್‌ಬುಕ್ ಹಿಡಿದು ಬ್ಯಾಂಕಿನ ಮುಂದೆ ನಿಂತವರ ದುಡ್ಡು ಎಷ್ಟೋ ಸಲ ಅಂಚೆ ಕಚೇರಿಯ ಖಾತೆಯಲ್ಲಿ ತಣ್ಣಗೆ ಕೂತಿರುತ್ತದೆ. ದುಡ್ಡು ಬಂದಿಲ್ಲ ಎಂದು ಬೈಯುವ ಮೊದಲು ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂದು ಕೇಳುವುದು ವಾಸಿ. ಎಚ್.ಡಿ. ಕೋಟೆಯ ಆದಿವಾಸಿ ಹಾಡಿಗಳಲ್ಲಿ ತೊಡಕು ಇನ್ನೂ ಒಂದು ಮೆಟ್ಟಿಲು ಕೆಳಗೇ ಶುರುವಾಗಬಹುದು: ಪಡಿತರ ಚೀಟಿಯೇ ಸರಿಯಿಲ್ಲದ ಮನೆಗೆ ಈ ಏಣಿಯ ಮೊದಲ ಹಲ್ಲೂ ಸಿಗದು.

ನಿರುದ್ಯೋಗಕ್ಕೆಂದೇ ಇರುವುದು ಯುವನಿಧಿ. ಪದವಿ ಪಡೆದು 180 ದಿನವಾದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಕೆಲಸ ಸಿಕ್ಕ ದಿನ ಹಣ ನಿಲ್ಲುತ್ತದೆ. ಮೈಸೂರಿನ ಹೆಬ್ಬಾಳದ ಕಾರ್ಖಾನೆಗೆ ಅರ್ಜಿ ಹಾಕಿಕೊಂಡಿರುವ ಹುಣಸೂರಿನ ಹುಡುಗನಿಗೆ ಇದು ನೆರವು. ಕೊಯ್ಲಿನ ಮಿಷಿನ್ನಿಂದ ಕೂಲಿ ಕಳೆದುಕೊಂಡ ನಲವತ್ತೈದರ ಹೆಂಗಸಿಗೆ ಅಲ್ಲ, ಅವಳು ಓದಿಲ್ಲ.

ಈಗ ದುಡ್ಡಿನ ಮಾತು. 2025-26ರ ರಾಜ್ಯ ಬಜೆಟ್ಟಿನ ಗಾತ್ರ ಸುಮಾರು 4.09 ಲಕ್ಷ ಕೋಟಿ. ಅದರಲ್ಲಿ ಗೃಹಲಕ್ಷ್ಮಿಗೆ 28,608 ಕೋಟಿ. ಅದನ್ನು ವರ್ಷದ 24,000 ರೂಪಾಯಿಯಿಂದ ಭಾಗಿಸಿ, ಹತ್ತಿರ ಹತ್ತಿರ 1.19 ಕೋಟಿ ಯಜಮಾನಿಯರಿಗೆ ಆಗುತ್ತದೆ. ನಾಲ್ಕು ಜನರ ಮನೆಯಾದರೆ ತಲೆಗೆ 500. ಇದನ್ನೇ ನಿಜವಾದ ಮೂಲ ಆದಾಯ ಮಾಡಿ, ತಲೆಗೆ ತಿಂಗಳಿಗೆ 1,000 ಎಂದಿಟ್ಟುಕೊಳ್ಳಿ. 2011ರ ಜನಗಣತಿಯ 6.11 ಕೋಟಿ ಜನಕ್ಕೇ ವರ್ಷಕ್ಕೆ 73,000 ಕೋಟಿ ದಾಟುತ್ತದೆ, ಬಜೆಟ್ಟಿನ ಆರರಲ್ಲಿ ಒಂದು ಪಾಲಿಗಿಂತ ಹೆಚ್ಚು. ಇಡೀ ದೇಶದ ಲೆಕ್ಕವನ್ನು ಕೇಂದ್ರದ 2016-17ರ ಆರ್ಥಿಕ ಸಮೀಕ್ಷೆ ಮಾಡಿತ್ತು: ಮುಕ್ಕಾಲು ಪಾಲು ಜನಕ್ಕೆ ವರ್ಷಕ್ಕೆ 7,620 ರೂಪಾಯಿ ಕೊಟ್ಟರೆ ಒಟ್ಟು ದೇಶೀಯ ಉತ್ಪನ್ನದ ಶೇ. 4.9 ಬೇಕು. ಬೇರೆ ಸಬ್ಸಿಡಿಗಳನ್ನು ಕಡಿಯದೆ ಅಷ್ಟು ಹಣ ಹೊರಡಿಸುವುದು ಕಷ್ಟ. ರೇಷನ್ ಅಕ್ಕಿ ಕಡಿದು ನಗದು ಕೊಟ್ಟರೆ ಅಂಗಡಿಯ ಅಕ್ಕಿ ಬೆಲೆ ಏರಿದಾಗ ಬಡವನ ತಟ್ಟೆಯೇ ಚಿಕ್ಕದಾಗುವುದು.

ತೆರಿಗೆ ಯಾರಿಂದ ಎಂಬುದು ಇನ್ನೂ ಮುಖ್ಯ. ಯಂತ್ರದ ಲಾಭದ ಮೇಲೆ ಬೀಳುವ ಆದಾಯ ತೆರಿಗೆ, ಕಂಪನಿ ತೆರಿಗೆ ಎರಡನ್ನೂ ವಿಧಿಸುವುದು ಕೇಂದ್ರ. ರಾಜ್ಯಕ್ಕೆ ಸಿಗುವುದು ಅದರ ಪಾಲು ಮಾತ್ರ. ರಾಜ್ಯ ನೇರವಾಗಿ ಎತ್ತುವುದು ಮುಖ್ಯವಾಗಿ ಸರಕಿನ ಮೇಲಿನ ತೆರಿಗೆ, ಡೀಸೆಲ್, ನೋಂದಣಿ, ಹೆಂಡ. ಅದೇ ಬಜೆಟ್ಟಿನಲ್ಲಿ ಅಬಕಾರಿಯಿಂದ ನಿರೀಕ್ಷಿಸಿದ್ದು 40,000 ಕೋಟಿ. ಯಂತ್ರದ ಒಡೆಯನಿಂದ ವಸೂಲು ಮಾಡಿ ಕೂಲಿಗಾರಳಿಗೆ ಕೊಡುವುದು ತತ್ವ. ನಡೆಯುತ್ತಿರುವುದರಲ್ಲಿ ಒಂದು ಪಾಲು, ಗಂಡನ ಕೈಯಿಂದ ವೈನ್ ಶಾಪಿನಲ್ಲಿ ಇಸಕೊಂಡು ಹೆಂಡತಿಯ ಖಾತೆಗೆ ಹಾಕುವುದು.

"ಸುಮ್ನೆ ದುಡ್ಡು ಕೊಟ್ರೆ ಕೂಲಿಗೆ ಯಾರ್ ಬತ್ತಾರೆ?" ಎಂಬ ಮಾತು ಹೊಗೆಸೊಪ್ಪಿನ ರೈತರಿಂದ ಸಾಮಾನ್ಯವಾಗಿ ಕೇಳಿಬರುತ್ತದೆ. 2025-26ರಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ ರಾಜ್ಯದಲ್ಲಿ 370 ರೂಪಾಯಿ ಇತ್ತು. ಅದರಲ್ಲಿ ಅಳೆದರೆ 2,000 ಎಂದರೆ ಸುಮಾರು ಐದೂವರೆ ದಿನದ ಕೂಲಿ. ಇಷ್ಟಕ್ಕೆ ಯಾರೂ ಮನೆಯಲ್ಲಿ ಕೂರಲಾಗದು. ಹೆಚ್ಚೆಂದರೆ ಜ್ವರ ಬಂದ ದಿನ, ಅಥವಾ ದುಡಿಸಿಕೊಂಡು ಕೂಲಿ ಕೊಡದವನ ಹೊಲಕ್ಕೆ, ಬರುವುದಿಲ್ಲ ಎನ್ನಬಹುದು. ಮಧ್ಯಪ್ರದೇಶದ ಇಂದೋರಿನ ಸುತ್ತಿನ ಹಳ್ಳಿಗಳಲ್ಲಿ 2011-12ರಲ್ಲಿ ಸೇವಾ (SEWA) ಎಂಬ ಮಹಿಳಾ ಸಂಘಟನೆ ಯುನಿಸೆಫ್ ನೆರವಿನಿಂದ ಇಂಥ ನಗದು ಕೊಟ್ಟು ಪರೀಕ್ಷಿಸಿತು. ದೊಡ್ಡವರಿಗೆ ತಿಂಗಳಿಗೆ 200, ಮಕ್ಕಳಿಗೆ 100, ಆಮೇಲೆ 300 ಮತ್ತು 150. ಜನ ಕೆಲಸ ಬಿಡಲಿಲ್ಲ. ಕೂಲಿ ಬಿಟ್ಟು ತಮ್ಮ ಹೊಲದ ಕಡೆ ತಿರುಗಿದವರು ಇದ್ದರು. ಆದ್ದರಿಂದ ನಮ್ಮ ರೈತರ ಆತಂಕ ಪೂರ್ತಿ ಸುಳ್ಳೂ ಅಲ್ಲ: ಸೋಮಾರಿತನ ಹೆಚ್ಚದಿದ್ದರೂ ಕೂಲಿದರ ಏರಬಹುದು. ಏರಿದರೆ ಮಿಷಿನ್ನಿನ ಕಡೆಗೆ ಒಲವೂ ಹೆಚ್ಚುತ್ತದೆ.

ಕೂಲಿದರ ನಿಜಕ್ಕೂ ಏರುತ್ತದೆಯೇ ಎಂಬುದನ್ನು ಇಲ್ಲಿಯೇ ಪರೀಕ್ಷಿಸಿ ನೋಡಬಹುದು. ಹೊಗೆಸೊಪ್ಪು ಬೆಳೆಯುವ ಸಾವಿರ ಜನರ ಹಳ್ಳಿಗೆ ತಲೆಗೆ 1,000ದಂತೆ ವರ್ಷಕ್ಕೆ 1.2 ಕೋಟಿ ಸಾಕು. ಅದೇ ಬೆಳೆ, ಅಷ್ಟೇ ಬ್ಯಾರನ್ ಇರುವ ಪಕ್ಕದ ಹಳ್ಳಿಯನ್ನು ಹಣವಿಲ್ಲದೆ ಹೋಲಿಕೆಗೆ ಇಟ್ಟುಕೊಳ್ಳಬೇಕು. ಸಸಿ ನೆಡುವ ಮೊದಲೇ ಹಣ ಶುರುವಾಗಬೇಕು, ಎರಡು ಮೂರು ಬೆಳೆ ಕಾಲವಾದರೂ ನಡೆಯಬೇಕು. ಆಮೇಲೆ ಮೊದಲು ನೋಡಬೇಕಾದದ್ದು ಸೊಪ್ಪು ಮುರಿಯುವ ತಿಂಗಳಲ್ಲಿ ಎರಡೂ ಊರಿನ ಹೆಣ್ಣಾಳಿನ ಕೂಲಿ, ಮತ್ತು ಆ ಮನೆಗಳ ಮೇಲಿರುವ ಕೈಸಾಲದ ಬಡ್ಡಿ.