ಕನ್ನಡಕದ ಹಿಂದೊಂದು ಓದು

ದೂರದ್ದು ಮಂಜಾಗಿ ಕಾಣುವ ಮಗು ‘ನನಗೆ ಕಾಣುತ್ತಿಲ್ಲ’ ಎಂದು ಹೇಳುವುದು ಅಪರೂಪ. ಎಲ್ಲರಿಗೂ ಹೀಗೇ ಕಾಣುತ್ತದೆ ಎಂದೇ ಅದು ತಿಳಿದಿರುತ್ತದೆ. ಕಪ್ಪುಹಲಗೆಯ ಅಕ್ಷರ ಕಾಣದಿದ್ದರೆ ಪಕ್ಕದವರ ನೋಟ್‌ಬುಕ್ ನೋಡಿ ಬರೆದುಕೊಳ್ಳುತ್ತದೆ. ಟಿ.ವಿ.ಯ ಹತ್ತಿರ ಹೋಗಿ ಕೂರುತ್ತದೆ. ಆಟದಲ್ಲಿ ಕೈಗೆ ಬಂದ ಚೆಂಡನ್ನು ಬಿಟ್ಟುಬಿಡುತ್ತದೆ. ದೊಡ್ಡವರು ‘ಗಮನವೇ ಇಲ್ಲ’ ಎಂದು ಗದರುತ್ತಾರೆ. ಅಜ್ಜಿಯ ಕಥೆಯೂ ಹೆಚ್ಚು ಬೇರೆಯಲ್ಲ. ಅಕ್ಕಿಯಲ್ಲಿ ಕಲ್ಲು ಕಾಣದು, ಸೂಜಿಗೆ ದಾರ ಪೋಣಿಸಲಾಗದು. ‘ವಯಸ್ಸಾಯಿತಲ್ಲ’ ಎಂದು ಸುಮ್ಮನಾಗುತ್ತಾರೆ.

ಇಬ್ಬರಿಗೂ ಬೇಕಾದದ್ದು ಒಂದು ಸರಿಯಾದ ಕನ್ನಡಕ ಇರಬಹುದು. ಆದರೆ ‘ಸರಿಯಾದ’ ಎಂಬ ಆ ಒಂದು ಮಾತಿನ ಹಿಂದೆ ನಾಲ್ಕು ವರ್ಷದ ಓದಿದೆ. ಅದರ ಹೆಸರು ಆಪ್ಟೊಮೆಟ್ರಿ. ಪಿಯುಸಿ ವಿಜ್ಞಾನ ಓದುವ ಮಕ್ಕಳ ಮನೆಗಳಲ್ಲಿ ಈಗ ಈ ಹೆಸರು ಆಗಾಗ ಕೇಳಿಬರುತ್ತಿದೆ. ಜೊತೆಗೇ ‘ಡಾಕ್ಟರೂ ಅಲ್ಲ, ಅಂಗಡಿಯೂ ಅಲ್ಲ, ಏನಿದು?’ ಎಂಬ ಹಿರಿಯರ ಪ್ರಶ್ನೆಯೂ ಬರುತ್ತಿದೆ. ಪ್ರಶ್ನೆ ನ್ಯಾಯವಾದದ್ದೇ. ಸೇರುವ ಮೊದಲೇ ಉತ್ತರ ತಿಳಿದುಕೊಳ್ಳುವುದು ಒಳ್ಳೆಯದು.

ಮೂವರು, ಮೂರು ಕೆಲಸ

ಕಣ್ಣಿನ ಕೆಲಸದಲ್ಲಿ ಮುಖ್ಯವಾಗಿ ಮೂರು ಬಗೆಯವರಿದ್ದಾರೆ. ಮೊದಲನೆಯವರು ನೇತ್ರತಜ್ಞರು. ಎಂಬಿಬಿಎಸ್ ಮುಗಿಸಿ, ಕಣ್ಣಿನ ವಿಷಯದಲ್ಲಿ ಸ್ನಾತಕೋತ್ತರ ಓದು ಮಾಡಿದ ವೈದ್ಯರು. ಪೊರೆ ತೆಗೆಯುವುದು, ಔಷಧ ಕೊಡುವುದು, ಶಸ್ತ್ರಚಿಕಿತ್ಸೆ ಮಾಡುವುದು ಅವರ ಕೆಲಸ. ಮೂರನೆಯವರು ಆಪ್ಟಿಶಿಯನ್. ಚೀಟಿಯಲ್ಲಿ ಬರೆದ ಪವರಿಗೆ ತಕ್ಕಂತೆ ಗಾಜು ಕೂರಿಸಿ ಕನ್ನಡಕ ಮಾಡಿಕೊಡುವವರು.

ಇವರಿಬ್ಬರ ನಡುವೆ ನಿಂತವರು ಆಪ್ಟೊಮೆಟ್ರಿಸ್ಟ್. ದೃಷ್ಟಿಯನ್ನು ಅಳೆಯುವುದು, ಕನ್ನಡಕ ಅಥವಾ ಕಾಂಟ್ಯಾಕ್ಟ್ ಲೆನ್ಸಿನ ಪವರ್ ನಿರ್ಧರಿಸುವುದು, ಎರಡು ಕಣ್ಣೂ ಹೊಂದಿಕೊಂಡು ಕೆಲಸ ಮಾಡುತ್ತಿವೆಯೇ ಎಂದು ನೋಡುವುದು, ಕಣ್ಣಿನೊಳಗಿನ ಒತ್ತಡ ಪರೀಕ್ಷಿಸುವುದು ಇವರ ಕೆಲಸ. ಪೊರೆ, ಗ್ಲಾಕೋಮಾ, ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲಕ್ಕೆ ಆಗುವ ಹಾನಿ ಇವುಗಳ ಸುಳಿವು ಸಿಕ್ಕರೆ ತಡಮಾಡದೆ ನೇತ್ರತಜ್ಞರ ಬಳಿಗೆ ಕಳಿಸಬೇಕು. ಆಪ್ಟೊಮೆಟ್ರಿಸ್ಟ್ ಶಸ್ತ್ರಚಿಕಿತ್ಸೆ ಮಾಡುವುದಿಲ್ಲ. ‘ಇದು ಕನ್ನಡಕದಿಂದ ಸರಿಹೋಗುವ ತೊಂದರೆಯಲ್ಲ’ ಎಂದು ಸಕಾಲದಲ್ಲಿ ಗುರುತಿಸುವುದೂ ಅವರ ಕಸುಬಿನ ದೊಡ್ಡ ಭಾಗ.

ಕತ್ತಲೆ ಕೋಣೆಯೊಳಗೆ

ಕಣ್ಣು ಪರೀಕ್ಷೆಗೆ ಹೋದಾಗ ಗೋಡೆಯ ಮೇಲೆ ಮೇಲಿನಿಂದ ಕೆಳಕ್ಕೆ ಚಿಕ್ಕದಾಗುತ್ತ ಹೋಗುವ ಅಕ್ಷರಗಳ ಪಟ ನೋಡಿರುತ್ತೀರಿ. ನೆದರ್ಲೆಂಡ್ಸಿನ ನೇತ್ರವೈದ್ಯ ಹರ್ಮನ್ ಸ್ನೆಲ್ಲನ್ 1862ರಲ್ಲಿ ಇಂಥ ಪಟವನ್ನು ರೂಪಿಸಿದರು. ಚೀಟಿಯಲ್ಲಿ 6/6 ಎಂದು ಬರೆದಿದ್ದರೆ, 6 ಮೀಟರ್ ದೂರದಿಂದ ಓದಬೇಕಾದ ಸಾಲನ್ನು ನೀವು 6 ಮೀಟರಿನಿಂದಲೇ ಓದಿದಿರಿ ಎಂದರ್ಥ. 6/60 ಎಂದಿದ್ದರೆ, ಸರಿಯಾದ ದೃಷ್ಟಿಯವರು 60 ಮೀಟರಿನಿಂದ ಓದಬಲ್ಲ ದೊಡ್ಡ ಅಕ್ಷರ ನಿಮಗೆ 6 ಮೀಟರಿಗೆ ಬಂದಾಗಲಷ್ಟೇ ಕಾಣುತ್ತಿದೆ ಎಂದರ್ಥ.

ಓದು ಬಾರದವರಿಗೆ ಇಂಗ್ಲಿಷಿನ ‘ಇ’ ಅಕ್ಷರವನ್ನು ನಾನಾ ದಿಕ್ಕಿಗೆ ತಿರುಗಿಸಿದ ಪಟವಿದೆ. ಅದರ ಕಾಲುಗಳು ಯಾವ ಕಡೆಗಿವೆ ಎಂದು ಕೈಯಲ್ಲಿ ತೋರಿಸಿದರೆ ಸಾಕು. ಪುಟ್ಟ ಮಕ್ಕಳಿಗೆ ಚಿತ್ರಗಳ ಪಟ.

ಹಾಗಾದರೆ ಮಾತೇ ಬಾರದ ಕೂಸಿನ ಪವರ್ ಅಳೆಯುವುದು ಹೇಗೆ? ಅದಕ್ಕೆ ರೆಟಿನೋಸ್ಕೋಪ್ ಎಂಬ ಕೈಯಲ್ಲಿ ಹಿಡಿಯುವ ಸಣ್ಣ ಉಪಕರಣವಿದೆ. ಅದರಿಂದ ಕಣ್ಣಿನೊಳಗೆ ಬೆಳಕಿನ ಪಟ್ಟಿಯೊಂದನ್ನು ಹಾಯಿಸಿ ಅತ್ತಿತ್ತ ಸರಿಸುತ್ತಾರೆ. ಪಾಪೆಯೊಳಗಿಂದ ಮರಳಿ ಬರುವ ಕೆಂಪು ಹೊಳಪು ಬೆಳಕಿನ ಜೊತೆಗೇ ಸರಿಯುತ್ತದೆಯೋ, ಎದುರು ದಿಕ್ಕಿಗೆ ಸರಿಯುತ್ತದೆಯೋ ಎಂದು ಗಮನಿಸುತ್ತಾರೆ. ಒಂದೊಂದೇ ಮಸೂರ ಅಡ್ಡ ಹಿಡಿಯುತ್ತ, ಆ ಚಲನೆ ನಿಲ್ಲುವ ಹಂತ ಕಂಡುಕೊಂಡು ಪವರ್ ಲೆಕ್ಕ ಹಾಕುತ್ತಾರೆ. ಕೂಸು ಒಂದು ಮಾತೂ ಆಡಬೇಕಿಲ್ಲ. ಇಂದು ಕಂಪ್ಯೂಟರ್ ಯಂತ್ರಗಳು ಕ್ಷಣದಲ್ಲಿ ಅಂಕಿ ಕೊಡುತ್ತವೆ, ನಿಜ. ಆದರೆ ಹತ್ತಿರದ್ದನ್ನು ನೋಡಲೆತ್ನಿಸುವ ಮಗುವಿನ ಕಣ್ಣು ಯಂತ್ರವನ್ನು ಸುಲಭವಾಗಿ ದಾರಿತಪ್ಪಿಸುತ್ತದೆ. ಕೊನೆಗೆ ನಂಬಬೇಕಾದದ್ದು ಪಳಗಿದ ಕೈಯನ್ನೇ.

ಹತ್ತನೇ ತರಗತಿಯ ವಿಜ್ಞಾನದಲ್ಲಿ ಓದಿದ ಪೀನ ಮಸೂರ, ನಿಮ್ನ ಮಸೂರಗಳು ಇಲ್ಲಿ ಜೀವ ಪಡೆಯುತ್ತವೆ. ಕಣ್ಣುಗುಡ್ಡೆ ಸ್ವಲ್ಪ ಉದ್ದವಾಗಿ ಬೆಳೆದರೆ ದೂರದ ಬಿಂಬ ಅಕ್ಷಿಪಟಲಕ್ಕಿಂತ ಮುಂದೆಯೇ ಮೂಡುತ್ತದೆ. ಅದೇ ಸಮೀಪದೃಷ್ಟಿ. ಅದಕ್ಕೆ ನಿಮ್ನ ಮಸೂರ, ಅಂದರೆ ಮೈನಸ್ ಪವರ್. ನಲವತ್ತು ದಾಟಿದ ಮೇಲೆ ಕಣ್ಣಿನೊಳಗಿನ ಮಸೂರ ಬಿಗಿಯಾಗಿ, ಹತ್ತಿರದ್ದಕ್ಕೆ ಹೊಂದಿಕೊಳ್ಳುವ ಶಕ್ತಿ ಕಳೆದುಕೊಳ್ಳುತ್ತದೆ. ಅದಕ್ಕೆ ಪ್ಲಸ್ ಪವರ್. ನಮ್ಮ ಹಿರಿಯರು ಇದನ್ನು ‘ಚಾಳೀಸು’ ಎಂದು ಕರೆದದ್ದು ಸುಮ್ಮನೆ ಅಲ್ಲ. ಹಿಂದಿಯಲ್ಲಿ ಚಾಳೀಸ್ ಎಂದರೆ ನಲವತ್ತು.

ಸಣ್ಣ ಕೆಲಸವಲ್ಲ

ಅಜ್ಜ-ಅಜ್ಜಿಯರಿಗೆ ಡಾ. ಎಂ.ಸಿ. ಮೋದಿಯವರ ಹೆಸರು ನೆನಪಿರಬಹುದು. ಊರೂರಿನಲ್ಲಿ ನೇತ್ರ ಶಿಬಿರ ನಡೆಸಿ, ಬಡವರಿಗೆ ಉಚಿತವಾಗಿ ಪೊರೆಯ ಶಸ್ತ್ರಚಿಕಿತ್ಸೆ ಮಾಡಿದವರು. ಕಣ್ಣಿನ ತೊಂದರೆ ಎಂದರೆ ಪೊರೆ, ಚಿಕಿತ್ಸೆ ಎಂದರೆ ಆಪರೇಷನ್ ಎಂಬ ಭಾವನೆ ಅಂದಿನಿಂದಲೂ ನಮ್ಮಲ್ಲಿ ಉಳಿದಿದೆ. ಆದರೆ ಬರೀ ಕನ್ನಡಕವಿಲ್ಲದೆ ಮಂಜುಗಣ್ಣಲ್ಲಿ ಬಾಳುವವರೂ ಲೆಕ್ಕವಿಲ್ಲದಷ್ಟಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2019ರ ವರದಿಯಲ್ಲಿ ಹೇಳಿದಂತೆ ಜಗತ್ತಿನಲ್ಲಿ ಕನಿಷ್ಠ 220 ಕೋಟಿ ಜನರಿಗೆ ದೃಷ್ಟಿದೋಷವಿದೆ. ಅವರಲ್ಲಿ ಕನಿಷ್ಠ 100 ಕೋಟಿ ಜನರ ತೊಂದರೆ ತಡೆಯಬಹುದಾಗಿದ್ದದ್ದು, ಇಲ್ಲವೇ ಇನ್ನೂ ಚಿಕಿತ್ಸೆ ಕಾಣದ್ದು.

ಒಂದು ಕನ್ನಡಕದಿಂದ ಏನಾಗುತ್ತದೆ ಎಂಬುದಕ್ಕೆ ಅಸ್ಸಾಮಿನ ಚಹಾ ತೋಟದಲ್ಲಿ ನಡೆದ ಅಧ್ಯಯನವೊಂದಿದೆ. ಅದು ಪ್ರಕಟವಾದದ್ದು 2018ರಲ್ಲಿ. ನಲವತ್ತು ದಾಟಿದ 751 ಎಲೆ ಕೊಯ್ಯುವ ಕಾರ್ಮಿಕರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹತ್ತಿರದ್ದು ನೋಡುವ ಕನ್ನಡಕವನ್ನು ಮೊದಲೇ ಕೊಟ್ಟರು. ಕನ್ನಡಕ ಪಡೆದವರ ಕೊಯ್ಲು ಇನ್ನೊಂದು ಗುಂಪಿಗಿಂತ ಶೇ 20ಕ್ಕೂ ಹೆಚ್ಚಾಯಿತು. ಕೊಯ್ದಷ್ಟು ಕೂಲಿ ಎಂಬ ಕೆಲಸದಲ್ಲಿ ಇದು ಅನ್ನದ ಪ್ರಶ್ನೆ.

ಮಕ್ಕಳ ವಿಷಯದಲ್ಲಿ ಇನ್ನೊಂದು ಅವಸರವಿದೆ. ಒಂದು ಕಣ್ಣಿನ ನೋಟ ಮಂದವಾಗಿದ್ದರೆ, ಅಥವಾ ಮೆಳ್ಳೆಗಣ್ಣಿದ್ದರೆ, ಮಿದುಳು ಆ ಕಣ್ಣನ್ನು ನಿಧಾನಕ್ಕೆ ಕೈಬಿಡುತ್ತದೆ. ಇದನ್ನು ‘ಸೋಮಾರಿ ಕಣ್ಣು’ ಎನ್ನುತ್ತಾರೆ. ಚಿಕ್ಕ ವಯಸ್ಸಿನಲ್ಲೇ ಗುರುತಿಸಿ ಕನ್ನಡಕ ಕೊಟ್ಟು, ಚೆನ್ನಾಗಿರುವ ಕಣ್ಣಿಗೆ ದಿನಕ್ಕಿಷ್ಟು ಹೊತ್ತು ಪಟ್ಟಿ ಕಟ್ಟಿ ಮಂದಗಣ್ಣಿಗೆ ಕೆಲಸ ಕೊಟ್ಟರೆ ಬಹುಪಾಲು ಮಕ್ಕಳಲ್ಲಿ ನೋಟ ಸುಧಾರಿಸುತ್ತದೆ. ಏಳೆಂಟು ವರ್ಷ ದಾಟಿದಂತೆಲ್ಲ ಇದು ಕಷ್ಟವಾಗುತ್ತ ಹೋಗುತ್ತದೆ.

ಇಂಥ ಮನೆಗಳಲ್ಲಿ ಆಪ್ಟೊಮೆಟ್ರಿಸ್ಟ್ ಕಣ್ಣಿನ ಜೊತೆಗೆ ಮನಸ್ಸನ್ನೂ ತಿದ್ದಬೇಕಾಗುತ್ತದೆ. ‘ಈಗಲೇ ಕನ್ನಡಕ ಹಾಕಿದರೆ ಪವರ್ ಏರುತ್ತದೆ’, ‘ಹೆಣ್ಣುಮಗು, ನಾಳೆ ಮದುವೆಗೆ ತೊಂದರೆ’ ಎನ್ನುವವರು ಇಂದಿಗೂ ಇದ್ದಾರೆ. ಕನ್ನಡಕ ಹಾಕಿದ್ದರಿಂದ ಪವರ್ ಏರುವುದಿಲ್ಲ. ಬೆಳೆಯುವ ಮಗುವಿನ ಕಣ್ಣೂ ಬೆಳೆಯುವುದರಿಂದ ಏರುತ್ತದೆ. ಇದನ್ನು ಯಾರಿಗೂ ನೋವಾಗದಂತೆ ತಿಳಿಹೇಳುವ ತಾಳ್ಮೆ ಇಲ್ಲದವರಿಗೆ ಈ ಕಸುಬು ಒಗ್ಗದು.

ಸೇರುವ ದಾರಿ

ಪಿಯುಸಿಯಲ್ಲಿ ಭೌತವಿಜ್ಞಾನ, ರಸಾಯನವಿಜ್ಞಾನದ ಜೊತೆ ಜೀವವಿಜ್ಞಾನ ಓದಿದ್ದರೆ ದಾರಿ ಸಲೀಸು. ಜೀವವಿಜ್ಞಾನದ ಬದಲು ಗಣಿತ ಓದಿದವರನ್ನೂ ತೆಗೆದುಕೊಳ್ಳುವ ಸಂಸ್ಥೆಗಳಿವೆ. ಪದವಿಗೆ ಬಿ.ಎಸ್ಸಿ. ಆಪ್ಟೊಮೆಟ್ರಿ ಅಥವಾ ಬ್ಯಾಚುಲರ್ ಆಫ್ ಆಪ್ಟೊಮೆಟ್ರಿ ಎಂದು ಹೆಸರು. ಇದುವರೆಗಿನ ರೂಢಿಯಂತೆ ಮೂರು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಮೊದಲು ದೇಹರಚನೆ, ದೇಹಕ್ರಿಯೆ ಮತ್ತು ಬೆಳಕಿನ ವಿಜ್ಞಾನ. ಆಮೇಲೆ ಕಣ್ಣಿನ ಕಾಯಿಲೆಗಳು, ಕಾಂಟ್ಯಾಕ್ಟ್ ಲೆನ್ಸ್, ಮಂದದೃಷ್ಟಿಯವರಿಗೆ ನೆರವು ಇತ್ಯಾದಿ.

ಚೆನ್ನೈನಲ್ಲಿ 1985ರಲ್ಲಿ ಶುರುವಾದ ಎಲೈಟ್ ಸ್ಕೂಲ್ ಆಫ್ ಆಪ್ಟೊಮೆಟ್ರಿ ಈ ಪದವಿಯನ್ನು ನಮ್ಮ ದೇಶದಲ್ಲಿ ಬೇರೂರಿಸಿದ ಶಾಲೆಗಳಲ್ಲಿ ಒಂದು. ಕರ್ನಾಟಕದಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಲ್ಲೂ, ಮಣಿಪಾಲದಂಥ ವಿಶ್ವವಿದ್ಯಾಲಯಗಳಲ್ಲೂ ಈ ಓದು ಇದೆ. 2021ರಲ್ಲಿ ಕೇಂದ್ರ ಸರ್ಕಾರ ಆರೋಗ್ಯ ಕ್ಷೇತ್ರದ ಇಂಥ ವೃತ್ತಿಗಳಿಗಾಗಿ ರಾಷ್ಟ್ರೀಯ ಆಯೋಗದ ಕಾಯ್ದೆ ತಂದಿತು. ಆಪ್ಟೊಮೆಟ್ರಿಯೂ ಅದರೊಳಗೆ ಬರುತ್ತದೆ. ಇದರಿಂದಾಗಿ ಪಠ್ಯಕ್ರಮ, ನೋಂದಣಿ, ಪ್ರವೇಶದ ನಿಯಮಗಳು ಬದಲಾಗುತ್ತಿರುವುದರಿಂದ ನೆಂಟರ ಮಗ ಸೇರಿದ ವರ್ಷದ ಲೆಕ್ಕ ಹಿಡಿಯಬೇಡಿ. ನೀವು ಸೇರುವ ವರ್ಷದ ವಿಶ್ವವಿದ್ಯಾಲಯದ ಅಧಿಸೂಚನೆಯನ್ನೂ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪ್ರಕಟಣೆಯನ್ನೂ ಓದಿ.

ತಕ್ಕಡಿಯ ಎರಡು ತಟ್ಟೆ

ಒಳ್ಳೆಯದನ್ನು ಹೇಳಿದ ಮೇಲೆ ಕಷ್ಟವನ್ನೂ ಹೇಳಬೇಕು. ಆರಂಭದ ಸಂಬಳ ಸಾಮಾನ್ಯವಾಗಿ ದೊಡ್ಡದಿರುವುದಿಲ್ಲ. ಖಾಸಗಿ ಕಾಲೇಜಿನ ಶುಲ್ಕಕ್ಕೆ ಸಾಲ ಮಾಡುವ ಮನೆಯವರು ಮೊದಲ ಎರಡು ಮೂರು ವರ್ಷದ ಸಂಬಳದಿಂದ ಕಂತು ತೀರೀತೇ ಎಂದು ಲೆಕ್ಕ ಹಾಕಲೇಬೇಕು. ಸರ್ಕಾರಿ ಹುದ್ದೆಗಳು ಕಡಿಮೆ. ಕನ್ನಡಕದ ಮಳಿಗೆಗಳಲ್ಲಿ ಕೆಲಸಕ್ಕಿದ್ದರೆ ಕಣ್ಣು ನೋಡುವುದರ ಜೊತೆಗೆ ವ್ಯಾಪಾರದ ಗುರಿಯೂ ತಲೆಮೇಲೆ ಇರಬಹುದು. ‘ಇದರಲ್ಲಿ ಚೆನ್ನಾಗಿದೆಯಾ, ಅದರಲ್ಲಾ?’ ಎಂಬ ಒಂದೇ ಪ್ರಶ್ನೆಯನ್ನು ದಿನವಿಡೀ ನಗುಮುಖದಿಂದ ಕೇಳುತ್ತಿರಬೇಕು. ಜನ ‘ಡಾಕ್ಟ್ರೇ’ ಎಂದು ಕರೆದಾಗ ತಾನು ವೈದ್ಯನಲ್ಲ ಎಂಬ ಎಚ್ಚರವೂ ಇರಬೇಕು.

ಇನ್ನೊಂದು ತಟ್ಟೆಯಲ್ಲಿ ಏನಿದೆ? ಆಸ್ಪತ್ರೆ, ಸ್ವಂತ ಕ್ಲಿನಿಕ್, ಮಕ್ಕಳ ದೃಷ್ಟಿ ಚಿಕಿತ್ಸೆ, ಮಸೂರ ತಯಾರಿಸುವ ಕಂಪನಿ, ಬೋಧನೆ, ಸಂಶೋಧನೆ ಹೀಗೆ ಹಲವು ಬಾಗಿಲುಗಳು. ಮುಂದೆ ಎರಡು ವರ್ಷದ ಸ್ನಾತಕೋತ್ತರ ಪದವಿ, ಪಿಎಚ್.ಡಿ. ಕೂಡ ಇವೆ. ವಿದೇಶದ ಆಸೆಯಿದ್ದರೆ ಆಯಾ ದೇಶದ ನಿಯಮ ಬೇರೆ ಎಂದು ತಿಳಿದಿರಿ. ಅಮೆರಿಕದಲ್ಲಿ ಆಪ್ಟೊಮೆಟ್ರಿ ಸಾಮಾನ್ಯವಾಗಿ ಕಾಲೇಜು ಮುಗಿಸಿದ ಮೇಲಿನ ನಾಲ್ಕು ವರ್ಷದ ಓದು. ಇಲ್ಲಿನ ಪದವಿಯಿಂದ ನೇರವಾಗಿ ಅಲ್ಲಿ ಕೆಲಸ ಮಾಡಲಾಗದು.

ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡಿ, ಆಸ್ಪತ್ರೆ ನೋಡಿ. ಕಾಲೇಜಿಗೆ ಹೊಂದಿಕೊಂಡ ಕಣ್ಣಿನ ಆಸ್ಪತ್ರೆ ಇದೆಯೇ? ವಿದ್ಯಾರ್ಥಿ ತಾನೇ ಕೈಯಿಟ್ಟು ರೋಗಿಗಳನ್ನು ಪರೀಕ್ಷಿಸಲು ಯಾವ ವರ್ಷದಿಂದ ಬಿಡುತ್ತಾರೆ? ಇಂಟರ್ನ್‌ಶಿಪ್ ಎಲ್ಲಿ, ಅದಕ್ಕೆ ಭತ್ಯೆ ಉಂಟೇ? ಕಳೆದ ವರ್ಷ ಮುಗಿಸಿದವರು ಈಗ ಏನು ಮಾಡುತ್ತಿದ್ದಾರೆ? ಈ ನಾಲ್ಕು ಪ್ರಶ್ನೆಗೆ ನೇರ ಉತ್ತರ ಕೊಡದ ಕಡೆ ಹಣ ಕಟ್ಟುವ ಮುನ್ನ ಇನ್ನೊಮ್ಮೆ ಯೋಚಿಸಿ.

ಹಿರಿಯರಿಗೊಂದು ಮಾತು. ‘ಡಾಕ್ಟರ್ ಸೀಟು ಸಿಗಲಿಲ್ಲ, ಇದಾದರೂ ಆಗಲಿ’ ಎಂದು ಮೊಮ್ಮಕ್ಕಳನ್ನು ಈ ಓದಿಗೆ ತಳ್ಳಬೇಡಿ. ಹಾಗೆ ಸೇರಿದವರು ನಾಲ್ಕು ವರ್ಷವೂ ಪಕ್ಕದ ಬಾಗಿಲನ್ನೇ ನೋಡುತ್ತ ಕಳೆಯುತ್ತಾರೆ. ಬೆಳಕಿನ ಪಾಠದಲ್ಲಿ ಆಸಕ್ತಿ, ಸಣ್ಣ ವ್ಯತ್ಯಾಸ ಗುರುತಿಸುವ ಚುರುಕು, ಅಪರಿಚಿತರೊಡನೆ ಮೆಲ್ಲಗೆ ಮಾತಾಡುವ ಗುಣ ಇವು ಮಗುವಿನಲ್ಲಿವೆಯೇ ಎಂದು ನೋಡಿ. ಇದ್ದರೆ, ಇದು ಎರಡನೆಯ ಆಯ್ಕೆಯಾಗಬೇಕಿಲ್ಲ.

ಮಕ್ಕಳೇ, ಮುಂದಿನ ಸಲ ಅಜ್ಜನ ಕಣ್ಣು ತೋರಿಸಲು ಆಸ್ಪತ್ರೆಗೆ ಹೊರಟಾಗ ನೀವೂ ಜೊತೆಗೆ ಹೋಗಿ. ಮಸೂರ ಬದಲಿಸುತ್ತ ಕೂತವರ ಕೈ ಬಿಡುವಾದಾಗ ಕೇಳಿ: ಎಲ್ಲಿ ಓದಿದಿರಿ, ದಿನಕ್ಕೆ ಎಷ್ಟು ಜನರನ್ನು ನೋಡುತ್ತೀರಿ, ಈ ಕೆಲಸದಲ್ಲಿ ನಿಮಗೆ ಬೇಸರ ತರುವುದು ಯಾವುದು, ಖುಷಿ ಕೊಡುವುದು ಯಾವುದು? ಯಾವ ಪ್ರಾಸ್ಪೆಕ್ಟಸ್ಸಿನಲ್ಲೂ ಸಿಗದ ಉತ್ತರ ಅಲ್ಲಿ ಸಿಗುತ್ತದೆ.