ಭಾಗಾಕಾರಕ್ಕೆ ಬಗ್ಗದ 214 ಕೋಟಿ

ಎರಡರ 31ನೇ ಘಾತದಲ್ಲಿ ಒಂದನ್ನು ಕಳೆದರೆ 214,74,83,647 ಸಿಗುತ್ತದೆ. ಒಂದು ಮತ್ತು ತನ್ನನ್ನು ಬಿಟ್ಟರೆ ಬೇರೆ ಯಾವ ಸಂಖ್ಯೆಯಿಂದ ಭಾಗಿಸಿದರೂ ಇದು ಶೇಷ ಉಳಿಸುತ್ತದೆ. ಅಂದರೆ ಅವಿಭಾಜ್ಯ. ಎರಡರ ಘಾತಕ್ಕಿಂತ ಒಂದು ಕಡಿಮೆ ಇರುವ ಅವಿಭಾಜ್ಯಗಳಿಗೆ ಫ್ರಾನ್ಸಿನ ಪಾದ್ರಿ ಮರ್ಸೆನ್‌ನ ಹೆಸರಿದೆ. 3, 7, 31, 127 ಎಂದು ಶುರುವಾಗುವ ಆ ಸಾಲಿನಲ್ಲಿ ಇದು ಎಂಟನೆಯದು.

ಇಂಥ ಘಾತಗಳದೊಂದು ಪಟ್ಟಿಯನ್ನು ಮರ್ಸೆನ್ 1644ರಲ್ಲಿ ಪ್ರಕಟಿಸಿದ. ಅದರಲ್ಲಿದ್ದ 67 ಮತ್ತು 257 ತಪ್ಪು. 61, 89, 107 ಬಿಟ್ಟುಹೋಗಿದ್ದವು. 31 ಸರಿಯಾಗಿತ್ತು, ಆದರೆ ಸಾಧನೆ ಇರಲಿಲ್ಲ. ಅದನ್ನು ಒದಗಿಸಿದವನು ಗಣಿತಜ್ಞ ಆಯ್ಲರ್, 1772ರಲ್ಲಿ, ದೃಷ್ಟಿ ಬಹುತೇಕ ಹೋಗಿದ್ದ ಕಾಲದಲ್ಲಿ!

ಒಂದು ಸಂಖ್ಯೆ ಅವಿಭಾಜ್ಯವೇ ಎಂದು ತಿಳಿಯಲು ಅದರ ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಇಲ್ಲಿ ವರ್ಗಮೂಲ 46,340ರ ಆಚೀಚೆ. ಅಷ್ಟರೊಳಗೆ 4,792 ಅವಿಭಾಜ್ಯಗಳಿವೆ. ಆಯ್ಲರ್ ಅಷ್ಟೂ ಭಾಗಾಕಾರಕ್ಕೆ ಕೂರಲಿಲ್ಲ. ಈ ಸಂಖ್ಯೆಗೆ ಅವಿಭಾಜ್ಯ ಭಾಜಕವೊಂದಿದ್ದರೆ ಅದನ್ನು 248ರಿಂದ ಭಾಗಿಸಿದಾಗ ಶೇಷ 1 ಅಥವಾ 63 ಆಗಲೇಬೇಕೆಂದು ಮೊದಲು ತೋರಿಸಿದ. ಆಗ ಪರೀಕ್ಷಿಸಬೇಕಾದವು ನಾನೂರಕ್ಕೂ ಕಡಿಮೆ. ಅವುಗಳಲ್ಲಿ ಒಂದೂ ಭಾಗಿಸಲಿಲ್ಲ. ಉತ್ತರಕ್ಕಿಂತ ಈ ಜರಡಿಯೇ ನನಗೆ ಹೆಚ್ಚು ಸೊಗಸಾಗಿ ಕಾಣುತ್ತದೆ.

ಈ ಅವಿಭಾಜ್ಯವನ್ನು ಎರಡರ 30ನೇ ಘಾತದಿಂದ ಗುಣಿಸಿದರೆ 19 ಅಂಕೆಗಳ ಪರಿಪೂರ್ಣ ಸಂಖ್ಯೆ ಸಿಗುತ್ತದೆ: ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ ತನಗೇ ಸಮ. ಇಂಥವು ಬರೀ ಕುತೂಹಲದ ವಸ್ತು, ಉಪಯೋಗವಿಲ್ಲ, ಹಾಗಾಗಿ ಇದಕ್ಕಿಂತ ದೊಡ್ಡದನ್ನು ಯಾರೂ ಹುಡುಕಲಾರರು ಎಂದು ಇಂಗ್ಲೆಂಡಿನ ಗಣಿತಜ್ಞ ಪೀಟರ್ ಬಾರ್ಲೋ 1811ರಲ್ಲಿ ಬರೆದ. ಆದರೆ 1876ರಲ್ಲಿ ಗಣಿತಜ್ಞ ಲೂಕಾ 39 ಅಂಕೆಗಳ ಮರ್ಸೆನ್ ಅವಿಭಾಜ್ಯವನ್ನು ಸಾಧಿಸಿದ. 2024ರಲ್ಲಿ ಸಿಕ್ಕಿದ್ದಕ್ಕೆ ನಾಲ್ಕು ಕೋಟಿಗೂ ಮಿಕ್ಕಿ ಅಂಕೆಗಳು!

ಉಪಯೋಗದ ವಿಷಯದಲ್ಲೂ ಬಾರ್ಲೋ ಸೋತ. ದ್ವಿಮಾನ ಪದ್ಧತಿಯಲ್ಲಿ ನಮ್ಮ 214 ಕೋಟಿಯ ಸಂಖ್ಯೆ ಸಾಲಾಗಿ 31 ಒಂದುಗಳು. ಧನ–ಋಣ ಚಿಹ್ನೆಗೆ ಒಂದು ಬಿಟ್ ತೆಗೆದಿಟ್ಟರೆ 32 ಬಿಟ್‌ಗಳಲ್ಲಿ ಕಂಪ್ಯೂಟರ್ ಹಿಡಿಯಬಲ್ಲ ಅತಿದೊಡ್ಡ ಪೂರ್ಣಾಂಕ ಇದೇ. 2014ರಲ್ಲಿ ‘ಗಂಗ್ನಮ್ ಸ್ಟೈಲ್’ ಹಾಡಿನ ವೀಕ್ಷಣೆ ಈ ಗಡಿ ದಾಟಿದ್ದು ಸುದ್ದಿಯಾಗಿತ್ತು. ಆದರೆ ಈ ಖ್ಯಾತಿಗೂ ಅವಿಭಾಜ್ಯತೆಗೂ ಸಂಬಂಧವಿಲ್ಲ. ಎಣಿಕೆಯ ಪೆಟ್ಟಿಗೆ ತುಂಬಿತು, ಅಷ್ಟೆ. ಅವಿಭಾಜ್ಯತೆ ನಿಜವಾಗಿ ದುಡಿಯುವುದು ಯಾದೃಚ್ಛಿಕ ಸಂಖ್ಯೆಗಳನ್ನು ಹುಟ್ಟಿಸುವ ಹಳೆಯ ವಿಧಾನವೊಂದರಲ್ಲಿ. ಹಿಂದಿನ ಸಂಖ್ಯೆಯನ್ನು 16,807ರಿಂದ ಗುಣಿಸಿ, ನಮ್ಮ ಸಂಖ್ಯೆಯಿಂದ ಭಾಗಿಸಿ, ಶೇಷವನ್ನು ಇಟ್ಟುಕೊಳ್ಳುವುದು. ಭಾಜಕ ಅವಿಭಾಜ್ಯವಾದ್ದರಿಂದ, ಮತ್ತು ಗುಣಕವನ್ನು ಆರಿಸಿಟ್ಟದ್ದರಿಂದ, 214 ಕೋಟಿ ಹೆಜ್ಜೆ ನಡೆದ ಮೇಲಷ್ಟೇ ಸಾಲು ಮರುಕಳಿಸುತ್ತದೆ.

ಹಳೆಯ ಯಂತ್ರಗಳು 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸುತ್ತಿರುವುದೂ ಇದೇ 32 ಬಿಟ್‌ಗಳ ಪೆಟ್ಟಿಗೆಯಲ್ಲಿ. ಅದು ತುಂಬುವುದು 2038ರ ಜನವರಿ 19, ಮಂಗಳವಾರ, ಭಾರತೀಯ ಕಾಲಮಾನ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಅಷ್ಟರೊಳಗೆ 64 ಬಿಟ್‌ಗೆ ಬದಲಾಗದ ಗಡಿಯಾರಗಳು ಮರುಸೆಕೆಂಡಿಗೇ 1901ರ ಡಿಸೆಂಬರ್ ತೋರಿಸುತ್ತವೆ.